ತಿದ್ದದೆ ಬಿಟ್ಟ ಹಾಳೆ

ಬಿದಿರಿನ ಇನ್ನೊಂದು ತುದಿ ಹಿಡಿಯಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಆಗಷ್ಟೇ ರಿಕ್ಷಾ ಇಳಿದು ಬಂದ ಸಂಧ್ಯಾ ಹೆಗಲ ಚೀಲವನ್ನು ಮಾಸ್ತರ ಮನೆಯ ಬೇಲಿಯ ಗೂಟಕ್ಕೆ ಸಿಕ್ಕಿಸಿ, ಬಗ್ಗಿ ಹಿಡಿದಳು. ಗರಗಸ ಎಳೆಯುತ್ತಿದ್ದವನು ತಲೆ ಎತ್ತದೆ, "ಗಟ್ಟಿ ಹಿಡ್ಕಣಿ. ಅಲುಗಿದ್ರೆ ಸೀಳ್ತದೆ," ಎಂದ. ದನಿ ಕೇಳಿದ್ದೇ ಅವಳ ಕೈ ಸಡಿಲವಾಯಿತು. ಬಿದಿರು ಜಾರಿ ನೆಲಕ್ಕೆ ಬಡಿಯಿತು.

ಅವನು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದ. ಹಾಗೆ ತಿರುಗಿಸದೆ ಅವನಿಗೆ ಆ ಬದಿ ಕಾಣುತ್ತಿರಲಿಲ್ಲ. ಎಡಗಣ್ಣಿನ ರೆಪ್ಪೆ ಮುಚ್ಚಿಕೊಂಡು ಒಳಕ್ಕೆ ಕುಸಿದಿತ್ತು.

"ಸಂಧ್ಯಾ ಅಲ್ಲಾ ನೀನು?"

"ಹೌದು ತುಳಸಿದಾಸ."

"ಗೋವಾದಿಂದ ಈಗ ಬಂದ್ಯಾ?"

"ಬೆಳಗಿನ ಗಾಡಿಗೆ. ಸರ್ ಹೋದ್ರು ಅಂತ ರಾತ್ರಿ ಗೊತ್ತಾಯ್ತು."

"ಬಂದದ್ದು ಒಳ್ಳೇದಾಯ್ತು." ಅವನು ಬಿದಿರನ್ನು ಮತ್ತೆ ಎತ್ತಿ ಕೊಟ್ಟ. "ನಿನ್ನ ಹೆಸ್ರು ತೆಗಿದೆ ಸರ್ ಪಾಠ ಮಾಡ್ದ ಆದಿತ್ಯವಾರ ಇಲ್ಲ. ನಮ್ಮ ಚೆಂಡಿಯಾದ ಹುಡ್ಗಿ ಒಂದ್ ಫ್ಯಾಕ್ಟರಿಯ ಅಷ್ಟೂ ಮಶಿನಿಗೆ ಪ್ಲಾನ್ ಬರಿಯೂದು ಅಂತ ಮಕ್ಳಿಗೆ ಹೇಳೂದು. ಅವು ನಿನ್ನ ನೋಡೂಕೆ ಕಾಯ್ತಿದ್ವು."

ಮೂರು ತಿಂಗಳ ಹಿಂದೆ ಶಿವಾನಂದ ಮಾಸ್ತರು ಸಂಧ್ಯಾಳಿಗೆ ಫೋನ್ ಮಾಡಿದ್ದರು. ಎಲ್ಲಿಂದಲೋ ನಂಬರು ಹುಡುಕಿಕೊಂಡಿದ್ದರು. "ಒಂದು ಆದಿತ್ಯವಾರ ಬಂದು ಹೋಗು. ನಾನು ಹೇಳೂದು ಹಳೇದು, ನೀನು ದಿನಾ ಮಾಡೂದು. ಒಂದು ತಾಸು ಸಾಕು," ಎಂದಿದ್ದರು. ಬರುತ್ತೇನೆ ಸರ್ ಎಂದಿದ್ದಳು. ಆಮೇಲೆ ಆ ನಂಬರಿನಿಂದ ಎರಡು ಸಲ ಕರೆ ಬಂದಾಗಲೂ ಫೋನನ್ನು ಮಗುಚಿ ಇಟ್ಟಿದ್ದಳು.

"ಹೇಗಾಯ್ತು?" ಎಂದು ಕೇಳಿದಳು.

"ನಿನ್ನೆ ಮಧ್ಯಾಹ್ನ. ಬಾಳೆಗುಳಿ ಲೇತ್ ಶಾಪಲ್ಲೇ. ಊಟಕ್ಕೆ ಅಂತ ಕೈ ತೊಳುಕೆ ಹೋದ್ರು. ನಳ ಬಿಟ್ಟದ್ದು ನಿಲ್ಲೂದೇ ಇಲ್ಲ. ಎಂತ ಇಷ್ಟೊತ್ತು ಅಂತ ಹೋಗಿ ನೋಡ್ತೆ, ಗೋಡೆಗೆ ಒರಗಿ ಕೂತಿದ್ರು. ಕೈಯಲ್ಲಿ ಸಾಬೂನು ಹಾಗೇ ಇತ್ತು." ಗರಗಸ ಎರಡು ಎಳೆತ ಎಳೆದು ನಿಲ್ಲಿಸಿದ. "ಒಂಬತ್ತು ವರ್ಷ ಒಟ್ಟಿಗೆ ಕೆಲ್ಸ ಮಾಡ್ದೆ. ಬೋಟಿನ ಶಾಫ್ಟು ಮಾಡೂದು ಒಂದ್ ಕಣ್ಣಿನವ್ಗೆ ಕಲ್ಸುಕೆ ಬೇರೆ ಯಾರ್ ತಯಾರಿರ್ತಿದ್ರು ಹೇಳು."

ರಸ್ತೆಯಾಚೆ ಮೋರಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಈ ಕಡೆ ಬೆನ್ನು ಮಾಡಿ ಕೂತಿದ್ದಳು. ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿದ ರೀತಿಯಿಂದಲೇ ಸಂಧ್ಯಾಳಿಗೆ ಗುರುತು ಸಿಕ್ಕಿತು. ಕಾರವಾರದ ಮೀನುಪೇಟೆಯ ನಾಗಿ. ತುಳಸಿದಾಸನ ತಾಯಿ.

"ಅಮ್ಮ ಯಾಕೆ ಅಲ್ಲಿ?"

"ಒಳಗೆ ಬರೂದಿಲ್ಲ ಅಂತಾಳೆ. ನನ್ನ ಕಣ್ಣು ಹೋದಾಗ ಇದೇ ಅಂಗಳದಲ್ಲಿ ನಿಂತು ಮಣ್ಣು ತೂರಿ, ಬಾಯಿಗೆ ಬಂದದ್ದೆಲ್ಲ ಹೇಳಿ ಹೋದವ್ಳಲ್ಲ. ನಾ ಸರ್‌ನ ಕ್ಷಮಿಸಿ ಎಷ್ಟೋ ವರ್ಷ ಆಯ್ತು, ನೀನೂ ಬಿಡು ಅಂದೆ. 'ನಿನ್ನ ಕಣ್ಣು, ನೀ ಬೇಕಾರೆ ಕ್ಷಮಿಸು. ನಾ ಹೆತ್ತದ್ದು ಎರಡು ಕಣ್ಣಿನ ಮಗನ್ನ' ಅಂತಾಳೆ. ಆದ್ರೂ ಮನೇಲಿ ಕೂರೂಕಾಗ್ದೆ ಬಂದಾಳೆ ನೋಡು."

ಬಿದಿರು ತುಂಡಾಗಿ ಬಿತ್ತು. ತುಳಸಿದಾಸ ಎರಡೂ ತುಂಡುಗಳನ್ನು ಸೇರಿಸಿ ಅಳತೆ ನೋಡಿದ. ಚಟ್ಟಕ್ಕೆ ಸರಿಯಾಗಿತ್ತು.

*

ಹದಿನಾಲ್ಕು ವರ್ಷಗಳ ಹಿಂದೆ ಕಾರವಾರದ ಆ ತರಬೇತಿ ಕೇಂದ್ರದಲ್ಲಿ ಇದ್ದದ್ದು ಕಂಪ್ಯೂಟರಿನಿಂದ ನಡೆಯುವ, ಲೋಹ ಕೊಯ್ಯುವ ಒಂದೇ ಸಿಎನ್‌ಸಿ ಲೇತು. ಕಲಿಯಲು ಬಂದವರು ಇಪ್ಪತ್ತೆರಡು ಮಂದಿ. ಮೊದಲ ತಿಂಗಳು ಶಿವಾನಂದ ಮಾಸ್ತರು ಯಾರನ್ನೂ ಅದರ ಹತ್ತಿರ ಬಿಡಲಿಲ್ಲ. ಮೊದಲನೇ ದಿನ ಬಟ್ಟೆ ಒಗೆಯುವ ಸಾಬೂನಿನ ಬಾರುಗಳನ್ನೂ ಅಡಿಗೆಮನೆಯ ಚಾಕುಗಳನ್ನೂ ತಂದು ಮೇಜಿನ ಮೇಲೆ ಸುರಿದು, ಹಲಗೆಯ ಮೇಲೆ ಬುಗುರಿಯ ಚಿತ್ರ ಬರೆದು, "ಇದನ್ನ ಮಾಡಿ," ಎಂದರು.

ಹುಡುಗರು ನಕ್ಕರು. ಆಮೇಲೆ ಕೊಯ್ಯತೊಡಗಿದರು. ಸಂಧ್ಯಾ ಎಲ್ಲರಿಗಿಂತ ನಾಜೂಕಾಗಿ ಬುಗುರಿಯ ಕುತ್ತಿಗೆಯನ್ನು ಮೊದಲು ಸಪೂರ ಮಾಡಿದಳು. ನಂತರ ತಿರುಗಿಸಿ ಹಿಡಿದು ತಲೆಯ ಭಾಗ ಕೊಯ್ಯಹೋದರೆ ಕುತ್ತಿಗೆ ಲಟಕ್ಕನೆ ಮುರಿಯಿತು. ಮಾಸ್ತರು ಆ ಎರಡು ತುಂಡುಗಳನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಚಂದ ಆಗಿತ್ತು. ಆದ್ರೆ ಮೊದಲೇ ಸಪೂರ ಮಾಡಿಬಿಟ್ರೆ ಆಮೇಲೆ ಹಿಡಿಯೂದೆಲ್ಲಿ? ಕೊಯ್ಯೂದು ಎಲ್ರಿಗೂ ಬರ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕೂತು ಯೋಚ್ನೆ ಮಾಡೂದೇ ಕೆಲ್ಸ."

ಆ ಸಂಜೆಯಿಂದ ಹಾಳೆ ಶುರುವಾಯಿತು. ಒಂದೊಂದು ಕೆಲಸಕ್ಕೂ ಒಂದೊಂದು ಹಾಳೆ. ಎಲ್ಲಿ ಹಿಡಿಯುವುದು, ಯಾವ ಹತಾರದಿಂದ ಕೊಯ್ಯುವುದು, ಎಷ್ಟೆಷ್ಟು ಕೊಯ್ಯುವುದು, ಮುಂದಕ್ಕೆ ಹೋಗುವ ಮೊದಲು ಏನನ್ನು ಅಳೆಯುವುದು. ಮಾಸ್ತರು ಕೆಂಪು ಪೆನ್ನಿನಲ್ಲಿ ಸಹಿ ಹಾಕದ ಹಾಳೆ ಮಶಿನಿಗೆ ಹೋಗುವಂತಿರಲಿಲ್ಲ. "ಮಶಿನಿಗೆ ಸ್ವಂತ ಬುದ್ಧಿ ಇಲ್ಲ. ನೀವು ಬರ್ದದ್ದನ್ನ ಮಾಡ್ತದೆ. ತಪ್ಪು ಬರ್ದ್ರೆ ಆ ತಪ್ಪನ್ನೂ ಅಷ್ಟೇ ಚಂದ ಮಾಡ್ತದೆ," ಎನ್ನುತ್ತಿದ್ದರು. ಅವರು ಯಾರ ತಪ್ಪನ್ನೂ ತಾವೇ ತಿದ್ದಿಕೊಡುತ್ತಿರಲಿಲ್ಲ. ತಪ್ಪಿದ ಕಡೆ ಒಂದು ಪ್ರಶ್ನೆ ಬರೆದು ಹಾಳೆಯನ್ನು ವಾಪಸ್ ಕೊಡುತ್ತಿದ್ದರು.

ಚೆಂಡಿಯಾದ ಸಂಧ್ಯಾಳ ಮನೆಯವರ ಗದ್ದೆ ನೌಕಾನೆಲೆಗೆ ಹೋಗಿತ್ತು. ಸ್ವಂತ ಗದ್ದೆ ಉಳುತ್ತಿದ್ದ ಅಪ್ಪ ಅದೇ ನೆಲೆಯೊಳಗೆ ದಿನಗೂಲಿಗೆ ಕಲ್ಲು ಹೊರಲು ಹೋಗುತ್ತಿದ್ದ. ಅವಳಿಗೆ ಅವಸರವಿತ್ತು. ಎಲ್ಲರಿಗಿಂತ ಮೊದಲು ಸಹಿ ಬೇಕು, ಎಲ್ಲರಿಗಿಂತ ಮೊದಲು ಮಶಿನು ಬೇಕು. ಪಕ್ಕದ ಬೆಂಚಿನ ತುಳಸಿದಾಸ ನಿಧಾನಸ್ಥ. ಬರೆದದ್ದನ್ನು ಹತ್ತು ಸಲ ಓದುವವನು. ಅವನ ಹಾಳೆಯಲ್ಲಿ ಪ್ರಶ್ನೆಗಳೇ ಬೀಳುತ್ತಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ಅಂಗಳ ತುಂಬಿತು. ಮಾಸ್ತರನ್ನು ಮೀಯಿಸಿ, ಬಿಳಿ ಬಟ್ಟೆ ಹೊದಿಸಿ, ತೆಂಗಿನ ಮರದ ನೆರಳಿಗೆ ಮಲಗಿಸಿದ್ದರು. ತಲೆಯ ಹತ್ತಿರ ಅವರ ಹೆಂಡತಿ ಗಂಗಕ್ಕ ಒಂದು ಕಾಲು ಮಡಚಿ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ನೊಣ ಬಂದರೆ ಕೈ ಬೀಸುತ್ತಿದ್ದಳು. ಮಕ್ಕಳಿಲ್ಲದ ಕಾರಣ ಕೊಳ್ಳಿ ಇಡಬೇಕಾದವನು ಅಣ್ಣನ ಮಗ ಜಗದೀಶ. ಅವನು ತಲೆ ಬೋಳಿಸಿಕೊಂಡು ಬಾವಿಕಟ್ಟೆಯ ಹತ್ತಿರ ನಿಂತು ಬಂದವರೊಡನೆ ಮಾತಾಡುತ್ತಿದ್ದ.

"ಶಾಪಿನ ರಾಮಾ ಹೇಳ್ತಿದ್ದ, ಇಡೀ ತಾಲೂಕಲ್ಲಿ ಹೀಗೆ ಶಾಫ್ಟು ಮಾಡೂ ಕೈ ಇನ್ನಿಲ್ಲ ಅಂತ," ಎಂದರು ಯಾರೋ.

"ಕೈ ಇತ್ತು, ಹಣೆಬರ ಇದ್ದಿಲ್ಲ," ಎಂದ ಜಗದೀಶ. "ಕಾರವಾರದಲ್ಲಿ ಕೂತು ಕಲ್ಸೂ ಮನುಷ್ಯ. ಒಂದಿನ ಗಮನ ತಪ್ಪಿತು, ಹುಡುಗನ ಕಣ್ಣು ಹೋಯ್ತು. ಗುತ್ತಿಗೆ ಕೆಲ್ಸ, ಮುಂದಿನ ವರ್ಷ ಕರೀಲೇ ಇಲ್ಲ. ಎಲ್ಲೇ ಅರ್ಜಿ ಹಾಕಿದ್ರೂ ಅದೇ ಮಾತು. ಯಾರಿಗೆ ಹೇಳೂದು, ತಪ್ಪು ಅವ್ರದ್ದೇ."

"ಅದನ್ನ ಮಾತ್ರ ಒಪ್ಕಂಡಿದ್ರು," ಎಂದ ಇನ್ನೊಬ್ಬ.

"ಒಪ್ಪದೆ ಎಂತ ಮಾಡೂದು."

ಗಂಗಕ್ಕ ಅಲ್ಲಿಂದಲೇ ತಲೆ ಎತ್ತದೆ ಹೇಳಿದಳು: "ನಾನೂ ಎಷ್ಟು ಹೇಳ್ದೆ ಅವ್ರಿಗೆ. ಅನ್ನ ಬಡಿಸ್ತಾ ಹೇಳ್ದೆ, ಹಾಸಿಗೆ ಹಾಸ್ತಾ ಹೇಳ್ದೆ. ಮಂದಿ ಮಕ್ಳ ಕಣ್ಣು ನುಂಗಿದ್ರಿ, ಅದ್ಕೇ ನಮ್ಗೆ ದೇವ್ರು ಮಕ್ಳು ಕೊಡ್ಲಿಲ್ಲ ಅಂತ್ಲೂ ಹೇಳ್ದೆ ಒಂದಿನ. ತಾಟು ಬಿಟ್ಟು ಎದ್ದು ಹೋದ್ರು. ಅಷ್ಟೇ. ತಿರುಗಿ ಒಂದ್ ಮಾತು ಆಡ್ಲಿಲ್ಲ."

ಸಂಧ್ಯಾ ತುಳಸಿಕಟ್ಟೆಯ ಹಿಂದೆ ನಿಂತಿದ್ದಳು. ಮಾಸ್ತರ ಹೆಬ್ಬೆರಳುಗಳನ್ನು ಸೇರಿಸಿ ದಾರದಿಂದ ಕಟ್ಟಿದ್ದರು. ಈಗಲೇ ಹೇಳಬೇಕು, ಅವರು ಇಲ್ಲಿ ಮಲಗಿರುವಾಗಲೇ ಹೇಳಬೇಕು ಎಂದುಕೊಂಡಳು. ರೈಲಿನಲ್ಲಿ ಬರುವಾಗಲೂ ಅದನ್ನೇ ಅಂದುಕೊಂಡಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ತುಳಸಿನೀರು ಬಿಡಲು ಹೋದರು. ಅವಳ ಸರದಿ ಬಂತು. ಬಗ್ಗಿ, ಆ ಒಣಗಿದ ತುಟಿಗಳಿಗೆ ಎಲೆಯಿಂದ ಎರಡು ಹನಿ ಬಿಟ್ಟಳು. ಒಂದು ಹನಿ ಗಲ್ಲದ ಮೇಲೆ ಇಳಿಯಿತು. ಎದುರಿಗೆ ಗಂಗಕ್ಕ ಇದ್ದಳು. "ಯಾವೂರ ಮಗಳೇ ನೀನು?" ಎಂದು ಕೇಳಿದಳು.

"ಚೆಂಡಿಯಾ. ಅವರ ಹತ್ರ ಕಲಿತವಳು."

"ಹೌದಾ," ಎಂದು ಗಂಗಕ್ಕ ಅವಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು. ಹಿಂದಿನವರು ಮುಂದೆ ಬಂದರು. ಸಂಧ್ಯಾ ಎದ್ದಳು. ಅಷ್ಟರಲ್ಲಿ ಜಗದೀಶ ಮಡಕೆ ಹಿಡಿದು ಮುಂದಾದ, ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಬಲ ಮುಂಭಾಗಕ್ಕೆ ತುಳಸಿದಾಸ ಇದ್ದ. ರಸ್ತೆಗೆ ಬಂದಾಗ ಮೋರಿಯ ಮೇಲಿದ್ದ ನಾಗಿ ಎದ್ದು ನಿಂತಳು, ಕೈ ಮುಗಿಯಲಿಲ್ಲ. ಸಾಲು ಸಮುದ್ರದ ಕಡೆಯ ಮಸಣದ ದಾರಿ ಹಿಡಿದು, ಗಾಳಿಮರಗಳ ಹಿಂದೆ ಮರೆಯಾಯಿತು.

*

ಹದಿನಾಲ್ಕು ವರ್ಷಗಳ ಹಿಂದಿನ ಆ ಹಾಳೆಯಲ್ಲಿದ್ದದ್ದು ಉದ್ದದ ಒಂದು ಉಕ್ಕಿನ ಸರಳು. ಗೋವಾದ ಕಂಪನಿಯವರು ಸೋಮವಾರ ಆಯ್ಕೆಗೆ ಕರೆದಿದ್ದರು. ಅವರಿಗೆ ತೋರಿಸಲು ತನ್ನ ಕೈಯಿಂದಾದ ಒಂದು ಕೆಲಸ ಇರಲಿ ಎಂದು ಸಂಧ್ಯಾ ಬುಧವಾರವಿಡೀ ಕೂತು ಬರೆದಿದ್ದಳು. ಮಾಸ್ತರು ಓದಿದರು. ಸಹಿ ಹಾಕಲಿಲ್ಲ. ಸರಳಿನ ಚಿತ್ರದ ತುದಿಗೆ ಒಂದು ಬಾಣ ಎಳೆದು ಕೆಂಪಿನಲ್ಲಿ ಬರೆದರು: 'ಇಲ್ಲಿ ಆಸರೆ ಎಲ್ಲಿ?'

ಒಂದೇ ತುದಿಯಲ್ಲಿ ಹಿಡಿದ ಉದ್ದದ ಸರಳು ವೇಗವಾಗಿ ತಿರುಗಿದರೆ ಇನ್ನೊಂದು ತುದಿ ಚಾಟಿಯಂತೆ ಬೀಸುತ್ತದೆ. ಅದಕ್ಕೆ ಆ ಕಡೆಯಿಂದಲೂ ಒಂದು ಆಸರೆ ಬೇಕು. ಅವಳಿಗೆ ಇದು ಗೊತ್ತಿತ್ತು. ಆಸರೆ ಕೊಟ್ಟರೆ ತುದಿಯ ಕೆಲಸಕ್ಕೆ ಬೇರೆ ಕ್ರಮ ಹಾಕಬೇಕು, ಇಡೀ ಹಾಳೆ ಮತ್ತೆ ಬರೆಯಬೇಕು, ಅದು ಸೋಮವಾರದೊಳಗೆ ಮುಗಿಯುವಂತಿರಲಿಲ್ಲ. ಗುರುವಾರ ಮಧ್ಯಾಹ್ನ ಮಾಸ್ತರು ಊಟಕ್ಕೆ ಹೋದರು. ಮಶಿನಿನ ಕೀಲಿಯನ್ನು ಎಂದಿನಂತೆ ಅದರಲ್ಲೇ ಬಿಟ್ಟಿದ್ದರು. ವೇಗ ಸ್ವಲ್ಪ ಕಡಿಮೆ ಮಾಡಿದರಾಯಿತು ಎಂದುಕೊಂಡಳು. ಕಡಿಮೆ ಮಾಡಿದ್ದು ಸಾಲಲಿಲ್ಲ.

"ಸಹಿ ಆಯ್ತಾ?" ಎಂದು ಪಕ್ಕಕ್ಕೆ ಬಂದು ನಿಂತ ತುಳಸಿದಾಸ ಕೇಳಿದ. "ಆಯ್ತು," ಎಂದಳು. ಅವನು ಮಶಿನಿನ ಗಾಜಿನ ಕಿಟಕಿಗೆ ಮುಖ ಹಚ್ಚಿ ನೋಡಿದ.

ಬೀಸಿದ ಸರಳು ಗಾಜು ಒಡೆದ ಸದ್ದು ಕೇಳಿ ಮಾಸ್ತರು ಎಂಜಲು ಕೈಯಲ್ಲೇ ಓಡಿ ಬಂದರು. ಅವನನ್ನು ಎತ್ತಿಕೊಂಡು ಹೊರಗೆ ಹೋದವರೂ ಅವರೇ. ಹಾಳೆ ಮಶಿನಿನ ಮೇಲಿತ್ತು. ಸಂಧ್ಯಾ ಅದನ್ನು ನಾಲ್ಕು ಮಡಿಕೆ ಮಾಡಿ ಬುತ್ತಿಯ ಚೀಲಕ್ಕೆ ಹಾಕಿಕೊಂಡಳು. ಯಾಕೆಂದು ಆಗ ಅವಳಿಗೇ ತಿಳಿದಿರಲಿಲ್ಲ. ಸಂಜೆ ಬಸ್ಸಿನಲ್ಲಿ ಊರಿಗೆ ಹೋಗದೆ ಸದಾಶಿವಗಡದ ಕಡೆ ಹೋಗಿ, ಕಾಳಿ ಸೇತುವೆಯ ಮೇಲಿಂದ ಅದನ್ನು ಹೊಳೆಗೆ ಬಿಡುವಾಗ ಮಾತ್ರ ಅವಳಿಗೆ ಎಲ್ಲ ಗೊತ್ತಿತ್ತು.

ಶನಿವಾರ ವಿಚಾರಣೆಗೆ ಮೂವರು ಬಂದರು. ಮಾಸ್ತರು ಗೋಡೆ ಬದಿಯ ಕುರ್ಚಿಯಲ್ಲಿ ಕೂತಿದ್ದರು. ಸಂಧ್ಯಾ ನಿಂತಿದ್ದಳು.

"ಸರ್ ನೋಡಿದ್ರು. ಸರಿ ಇದೆ, ಮಾಡು ಅಂದ್ರು," ಎಂದಳು. "ಹಾಳೆ ಆ ಗಲಾಟೆಯಲ್ಲಿ ಎಲ್ಲೋ ಹೋಯ್ತು."

ಬಂದವರಲ್ಲಿ ಹಿರಿಯರು ತಿರುಗಿದರು. "ನೀವು ನೋಡಿದ್ರಾ ಶಿವಾನಂದ?"

"ನೋಡಿದ್ದೆ," ಎಂದರು ಮಾಸ್ತರು.

"ಸರಿ ಇದೆ ಅಂದ್ರಾ?"

ಮಾಸ್ತರು ಅವಳನ್ನು ನೋಡಿದರು. ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದಳು. ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿದ ಸದ್ದಾಯಿತು.

"ಕೀಲಿ ಬಿಟ್ಟು ಹೋದವನು ನಾನು," ಎಂದರು. "ಬರ್ಕಳಿ."

ಓಣಿಯಲ್ಲಿ ಅವಳು ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದಾಗ ಮಾಸ್ತರು ಹಿಂದಿನಿಂದ ಕರೆದರು. ಬೈಯುತ್ತಾರೆಂದು ನಿಂತಳು. "ಸೋಮವಾರ ಅಲ್ಲಾ ಗೋವಾದ್ದು? ಬೆಳಗಿನ ಬಸ್ಸಿಗೇ ಹೋಗು. ತಡ ಆಗೂದು ಬೇಡ," ಎಂದು ದಾಟಿ ಹೋದರು. ಆಮೇಲೆ ಒಂದೇ ಸಲ, ಅಂಕೋಲೆ ಬಸ್ ನಿಲ್ದಾಣದಲ್ಲಿ ಅವರು ಇವಳನ್ನು ನೋಡಿ ನಗುತ್ತ ಹತ್ತಿರ ಬಂದಿದ್ದರು. ಇವಳು ಫೋನು ಕಿವಿಗೆ ಹಚ್ಚಿ, ಇಲ್ಲದ ಯಾರೊಡನೆಯೋ ಮಾತಾಡುತ್ತ ಬೇರೆ ಬಸ್ಸು ಹತ್ತಿದ್ದಳು.

*

ಗಂಡಸರು ಹೋದ ಮೇಲೆ ಅಂಗಳ ಸಾರಿಸಲು ನೆರೆಯವಳೊಬ್ಬಳು ಸೆಗಣಿ ಕಲಸಿ ತಂದಳು. ಗಂಗಕ್ಕ ಬಕೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡಳು. "ಬೇಡ್ವೇ, ನೀ ಕೂತ್ಕ," ಎಂದರೂ ಕೇಳಲಿಲ್ಲ. ಮಾಸ್ತರು ಮಲಗಿದ್ದ ಜಾಗದ ಒಂದು ಬದಿಯಿಂದ ಶುರು ಮಾಡಿ, ಅಂಗೈಯಗಲಕ್ಕೆ ಬಳಿಯುತ್ತ ಹಿಂದೆ ಹಿಂದೆ ಸರಿಯತೊಡಗಿದಳು.

ಸಂಧ್ಯಾ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ತುಳಸಿದಾಸನ ಕಣ್ಣು ಹೋದದ್ದು ಸರ್‌ನಿಂದ ಅಲ್ಲ. ನನ್ನಿಂದ."

ಗಂಗಕ್ಕನ ಕೈ ಇನ್ನೊಂದು ಸುತ್ತು ಬಳಿದು ನಿಂತಿತು.

ಸಂಧ್ಯಾ ಎಲ್ಲ ಹೇಳಿದಳು. ಹಾಳೆ, ಕೆಂಪು ಅಕ್ಷರ, ಸಹಿಯಾಯಿತು ಎಂದ ಸುಳ್ಳು, ಹೊಳೆ, ನೀರಿನ ಲೋಟ. ಹೇಳುತ್ತ ಹೇಳುತ್ತ ಇದನ್ನು ತಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಮಾತುಗಳು ಸವೆದು ನುಣ್ಣಗಾಗಿವೆ ಎನ್ನಿಸಿ ನಾಚಿಕೆಯಾಯಿತು. ಸುತ್ತಲಿನ ಹೆಂಗಸರು ಹತ್ತಿರ ಸರಿದರು.

"ಇಷ್ಟೊತ್ತು ಇಲ್ಲೇ ಇದ್ರಲ್ಲ ಅವ್ರು," ಎಂದಳು ಗಂಗಕ್ಕ ಕೊನೆಗೆ. "ಬಾಯಿಗೆ ನೀರು ಬಿಟ್ಯಲ್ಲ ನೀನು. ಆಗ ಹೇಳೂಕಾಗ್ಲಿಲ್ಲಾ?"

"ಧೈರ್ಯ ಆಗ್ಲಿಲ್ಲ ಅಮ್ಮಾ."

"ನಾ ಹದ್ನಾಲ್ಕು ವರ್ಷ ಅವ್ರಿಗೆ ಬೈದೆ." ದನಿ ಏರಲಿಲ್ಲ. "ಆ ಮಕ್ಳ ಮಾತು ಆಡ್ದೆ. ಈಗ ನೀ ಇದನ್ನ ತಂದು ನನ್ನ ಮಡ್ಲಿಗೆ ಹಾಕ್ತಿ. ನಾ ಯಾರ ಹತ್ರ ಹೋಗಿ ಹೇಳ್ಲಿ? ಅವ್ರು ಹೋಗಿ ಒಂದ್ ತಾಸೂ ಆಗ್ಲಿಲ್ಲ."

ಸಂಧ್ಯಾ ಅವಳ ಕಾಲು ಮುಟ್ಟಲು ಕೈ ಚಾಚಿದಳು. ಗಂಗಕ್ಕ ಕಾಲು ಎಳೆದುಕೊಂಡಳು.

"ನಂಗೆ ಬೇಡ. ಆ ಹುಡ್ಗ ಬರ್ಲಿ. ಅವಂಗೆ ಹೇಳು. ಇಲ್ಲೇ, ಎಲ್ರೂ ಇದ್ದಾಗ್ಲೇ ಹೇಳು. ಹೇಳ್ದೇ ಈ ಅಂಗಳ ದಾಟ್ಬೇಡ."

ಸೆಗಣಿಯ ಕೈಯನ್ನು ಹಾಗೆಯೇ ಮೊಳಕಾಲ ಮೇಲಿಟ್ಟುಕೊಂಡು ಅವಳು ಕೂತಳು. ಅಂಗಳ ಅರ್ಧಕ್ಕೇ ನಿಂತಿತು. ಬಿಸಿಲು ಸರಿದು ಬಂತು. ಬಕೆಟ್ಟಿನ ಮೇಲೆ ಕೆನೆ ಕಟ್ಟಿತು.

ತುಳಸಿದಾಸ ಮೊದಲ ಗುಂಪಿನಲ್ಲೇ ಬಂದ. ಸಮುದ್ರದಲ್ಲಿ ಮುಳುಗಿ ಬಂದಿದ್ದ. ಅಂಗಿ ಮೈಗೆ ಅಂಟಿತ್ತು. ಜಗದೀಶನೂ ನಾಲ್ಕೈದು ಮಂದಿಯೂ ಹಿಂದೆ ಇದ್ದರು. ಸಂಧ್ಯಾ ಎದ್ದು ನಿಂತು ಇನ್ನೊಮ್ಮೆ ಹೇಳಿದಳು. ಈ ಸಲ ಮಾತುಗಳು ನುಣ್ಣಗಿರಲಿಲ್ಲ, ನಡುನಡುವೆ ತುಂಡಾದವು. ತುಳಸಿದಾಸ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದ.

"ಸಹಿ ಆಯ್ತಾ ಅಂತ ಕೇಳಿದ್ದೆ ನಾನು," ಎಂದ.

"ಹೌದು."

"ಆ ಹಾಳೆಲಿ ಅವ್ರು ಎಂತ ಬರ್ದಿದ್ರು?"

"ಇಲ್ಲಿ ಆಸರೆ ಎಲ್ಲಿ ಅಂತ."

ಅವನು ಅಂಗಿಯ ತುದಿ ಹಿಂಡಿದ. ನೀರು ಕಾಲ ಮೇಲೆ ಸುರಿಯಿತು. "ಶಾಪಿಗೆ ಸೇರಿದ ಮೊದಲ್ನೇ ದಿನ ಅವ್ರ ಮುಖ ನೋಡಿ ಹೇಳ್ದೆ. ನಿಮ್ಮಿಂದ ನನ್ನ ಕಣ್ಣು ಹೋಯ್ತು ಸರ್, ಆದ್ರೆ ನಾ ಕ್ಷಮಿಸಿದೇನೆ ಅಂತ. ಹೂಂ ಅಂದ್ರು. ಚಾ ತರಿಸ್ಕೊಟ್ರು. ಒಂಬತ್ತು ವರ್ಷ, ಸಂಧ್ಯಾ. ಕ್ಷಮಿಸಿದ ನಾನೇ ದೊಡ್ಡ ಮನುಷ್ಯ ಅಂತ ತಿಳ್ಕಂಡು ಅವ್ರ ಎದ್ರಿಗೆ ತಿರುಗಿದೆ." ಬಾಯಿ ಒರೆಸಿಕೊಂಡ. "ಕಣ್ಣು ಹೋದ್ದಕ್ಕಿಂತ ಇದು ಹೆಚ್ಚಾಯ್ತು."

"ತುಳಸಿದಾಸ—"

"ಬೇಡ. ಈಗ ಎಂತದೂ ಬೇಡ."

ಅವನು ಅಂಗಳ ದಾಟಿ ರಸ್ತೆಗೆ ಹೋದ. ಮೋರಿಯ ಕಟ್ಟೆಯ ಹತ್ತಿರ ಬಗ್ಗಿ ತಾಯಿಯ ಕಿವಿಗೆ ಮಾತಾಡಿದ. ಕೊಂಕಣಿಯ ಒಂದೆರಡು ಪದ ಗಾಳಿಯಲ್ಲಿ ಬಂದವು, ಉಳಿದದ್ದು ಕೇಳಿಸಲಿಲ್ಲ. ನಾಗಿ ಏನೋ ಕೇಳಿದಳು, ಅವನು ತಲೆಯಾಡಿಸಿದ. ಆಮೇಲೆ ಮಗನ ತೋಳು ಹಿಡಿದು ಎದ್ದಳು. ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟಳು.

ಸಂಧ್ಯಾಳ ಪಕ್ಕದಿಂದಲೇ ಅವಳು ಹಾದು ಬಂದಳು, ನೋಡಲಿಲ್ಲ. ಬಾವಿಯಿಂದ ಒಂದು ಕೊಡ ಸೇದಿ ಕಾಲಿಗೆ, ಕೈಗೆ ಸುರಿದುಕೊಂಡಳು. ಉಳಿದ ನೀರನ್ನು ಬಕೆಟ್ಟಿಗೆ ಹೊಯ್ದು ಗಟ್ಟಿಯಾದ ಸೆಗಣಿಯನ್ನು ಕಲಸಿದಳು. ಗಂಗಕ್ಕ ನೋಡುತ್ತಿದ್ದಳು. ಮೀನು ಕೊಯ್ದು ಕೊಯ್ದು ಗೆರೆ ಬಿದ್ದ ಕೈಗಳಿಂದ ನಾಗಿ ಮಾಸ್ತರು ಮಲಗಿದ್ದ ಜಾಗದ ಇನ್ನೊಂದು ಬದಿಗೆ ಕೂತು, ಮೊದಲ ಸುತ್ತು ಬಳಿದಳು. ಸ್ವಲ್ಪ ಹೊತ್ತಿಗೆ ಗಂಗಕ್ಕನೂ ಮೊಳಕಾಲೂರಿ ಮುಂದಕ್ಕೆ ಬಗ್ಗಿದಳು. ಇಬ್ಬರೂ ಮಾತಿಲ್ಲದೆ, ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಹಿಡಿದು ಬಳಿಯುತ್ತ ಬೇಲಿಯ ಕಡೆಗೆ ಸರಿದುಬಂದರು. ಜಗದೀಶ ಜಗಲಿ ಹತ್ತಿ ನಿಂತ. ಉಳಿದವರೂ ಹತ್ತಿದರು. ಸಂಧ್ಯಾ ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೊಂದು ಹೆಜ್ಜೆ ಸರಿದಳು. ಬೆನ್ನಿಗೆ ಬೇಲಿ ತಾಗಿತು. ಹಸಿ ನೆಲ ಅವಳ ಕಾಲ್ಬೆರಳ ತುದಿಯವರೆಗೂ ಬಂದಿತ್ತು. ಅದರ ಮೇಲೆ ಕಾಲಿಡದೆ ಎಲ್ಲಿಗೂ ಹೋಗುವಂತಿರಲಿಲ್ಲ.